ಕಾಲೇಜಿಗೆಂದೇ ಹುಟ್ಟಿದ ಕಂಪ್ಯೂಟರ್ ಕಾಲೇಜಿನಲ್ಲಿ ಏಕೆ ಮಾರಾಟವಾಗಲಿಲ್ಲ?

1985ರಲ್ಲಿ ಆಪಲ್ ಬಿಟ್ಟು ಹೊರಬಂದ ಸ್ಟೀವ್ ಜಾಬ್ಸ್ ‘ನೆಕ್ಸ್ಟ್’ ಎಂಬ ಕಂಪನಿ ಕಟ್ಟಿದರು. ವಿಶ್ವವಿದ್ಯಾಲಯಗಳಿಗೆಂದೇ ಒಂದು ಕಂಪ್ಯೂಟರ್ ತಯಾರಿಸುವುದು ಅವರ ಗುರಿ. 1988ರ ಅಕ್ಟೋಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸಂಗೀತ ಸಭಾಂಗಣವೊಂದರಲ್ಲಿ ಆ ಕಪ್ಪು ಚೌಕದ ಯಂತ್ರ ಜನರ ಮುಂದೆ ಬಂತು. ಮುಂದೆ ಅದು ಸೋತಿತು. ಸೋತದ್ದೇಕೆ ಎಂದು ಕೇಳಿದರೆ ಸಿಗುವ ಸಿದ್ಧ ಉತ್ತರ, ‘ಯಂತ್ರ ಕಾಲಕ್ಕಿಂತ ಬಹಳ ಮುಂದಿತ್ತು, ವಿದ್ಯಾರ್ಥಿಗಳಿಗೆ ಅದರ ಬೆಲೆ ತಿಳಿಯಲಿಲ್ಲ’ ಎಂಬುದು.

ಬೆಲೆ ಅವರಿಗೆ ಚೆನ್ನಾಗಿಯೇ ತಿಳಿದಿತ್ತು: 6,500 ಡಾಲರ್! ಅಮೆರಿಕದ ವಿಶ್ವವಿದ್ಯಾಲಯಗಳವರು ಜಾಬ್ಸ್‌ಗೆ ಮೊದಲೇ ಹೇಳಿದ್ದು ಸುಮಾರು 3,000 ಡಾಲರ್ ಮೀರಬಾರದೆಂದು. ಅದಕ್ಕೂ ಮುಂಚೆ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ರಾಜ್ ರೆಡ್ಡಿ ಮತ್ತು ಸಂಗಡಿಗರು ಸಂಶೋಧಕರಿಗೆ ಬೇಕಾದ ಕಂಪ್ಯೂಟರ್ ಹೇಗಿರಬೇಕೆಂದು ಲೆಕ್ಕ ಹಾಕಿದ್ದರು: ಒಂದು ಮೆಗಾಬೈಟ್ ನೆನಪು, ಪರದೆಯ ಮೇಲೆ ಹತ್ತು ಲಕ್ಷ ಚುಕ್ಕೆ, ಸೆಕೆಂಡಿಗೆ ಹತ್ತು ಲಕ್ಷ ಆದೇಶ. ನೆಕ್ಸ್ಟ್ ಈ ಲೆಕ್ಕವನ್ನು ಹೆಚ್ಚುಕಡಿಮೆ ಮುಟ್ಟಿದ್ದಲ್ಲದೆ ನೆನಪಿನಲ್ಲಿ ಎಂಟು ಪಟ್ಟು ಮೀರಿತು. ತಪ್ಪಿದ್ದು ಹಣದ ಲೆಕ್ಕ. ಪ್ರಿಂಟರ್‌ಗೆ ಇನ್ನೆರಡು ಸಾವಿರ ಡಾಲರ್. ಯಂತ್ರದ ಜೊತೆ ಬಂದ ಆಪ್ಟಿಕಲ್ ಡ್ರೈವ್ ನಿಧಾನವಾಗಿದ್ದರಿಂದ ಹಾರ್ಡ್ ಡಿಸ್ಕ್ ಬೇಕೆಂದರೆ ಅದಕ್ಕೂ ಸಾವಿರಗಳಲ್ಲೇ ಖರ್ಚು. ಇದನ್ನು ವಿದ್ಯಾರ್ಥಿಯ ಅರಿವಿನ ಕೊರತೆ ಎನ್ನುವುದು ಅನ್ಯಾಯ.

‘ಹೆಸರಿಲ್ಲದ ಯಂತ್ರವನ್ನು ವಿದ್ಯಾರ್ಥಿಗಳು ಮುಟ್ಟುವುದೇ ಇಲ್ಲ’ ಎಂಬುದು ಇನ್ನೊಂದು ನಂಬಿಕೆ. 1984ರ ಮ್ಯಾಕಿಂಟಾಷ್ ಇದಕ್ಕೆ ನೇರ ಉತ್ತರ. ಆಗ ಮಾರುಕಟ್ಟೆ ಐಬಿಎಂ ಪಿಸಿಯದು, ಮ್ಯಾಕ್ ಹೊಸ ಮುಖ. ಆಪಲ್ 24 ವಿಶ್ವವಿದ್ಯಾಲಯಗಳ ಒಕ್ಕೂಟ ಕಟ್ಟಿ ಅವುಗಳಿಗೆ ದೊಡ್ಡ ರಿಯಾಯಿತಿಯಲ್ಲಿ ಯಂತ್ರ ಕೊಟ್ಟಿತು. ಅಂಗಡಿಯಲ್ಲಿ 2,495 ಡಾಲರ್ ಇದ್ದದ್ದು ಫಿಲಡೆಲ್ಫಿಯಾದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಹುಡುಗರಿಗೆ ಸುಮಾರು ಸಾವಿರಕ್ಕೆ ಸಿಕ್ಕಿತು. ಡ್ರೆಕ್ಸೆಲ್‌ನಲ್ಲಿ ಹೊಸದಾಗಿ ಸೇರುವ ಪ್ರತಿಯೊಬ್ಬರಿಗೂ ಕಂಪ್ಯೂಟರ್ ಕಡ್ಡಾಯವಾಗಿತ್ತು. ಅಧ್ಯಾಪಕರು ತಮ್ಮ ಪಾಠಕ್ಕೆ ಬೇಕಾದ ತಂತ್ರಾಂಶಗಳನ್ನು ಅದಕ್ಕೇ ಬರೆದರು. ಹೀಗೆ ಯಂತ್ರ ಪಾಠದೊಳಗೆ ಬಂತು. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇದೇ: ವಿದ್ಯಾರ್ಥಿ ಕಂಪ್ಯೂಟರ್ ವೇದಿಕೆಯನ್ನು (ಪ್ಲಾಟ್‌ಫಾರ್ಮ್) ಕೊಳ್ಳುವುದಿಲ್ಲ, ನಾಳೆ ಒಪ್ಪಿಸಬೇಕಾದ ಪ್ರಬಂಧವನ್ನು ಬರೆಯುತ್ತಾನೆ, ಪಕ್ಕದ ಕೋಣೆಯ ಗೆಳತಿಯ ಟಿಪ್ಪಣಿಯನ್ನು ತೆರೆದು ನೋಡುತ್ತಾನೆ. ಅದು ಆಗುವ ಯಂತ್ರ ಅವನಿಗೆ ಸಾಕು.

ಆ ಒಕ್ಕೂಟ ಕಟ್ಟಿದ ಡ್ಯಾನಿಯೆಲ್ ಲೂಯಿನ್ ಅವರೇ ಮುಂದೆ ನೆಕ್ಸ್ಟ್‌ನ ಸ್ಥಾಪಕರಲ್ಲೊಬ್ಬರಾದರು. ಕ್ಯಾಂಪಸ್‌ಗೆ ಹೇಗೆ ಮಾರಬೇಕೆಂದು ತಿಳಿದವರು ಇದ್ದೂ ಸೋತಿದ್ದರಿಂದ, ಕೊರತೆ ಪ್ರಚಾರದ್ದೆಂದು ನಾನು ಒಪ್ಪಲಾರೆ.

ಕೊರತೆ ಎಲ್ಲಿತ್ತೆಂದು ಫ್ಲಾಪಿಯನ್ನು, ಅಂದರೆ ಆಗ ಕಡತಗಳನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದ ಅಗ್ಗದ ಡಿಸ್ಕನ್ನು, ಕೇಳಬೇಕು. ಮೊದಲ ನೆಕ್ಸ್ಟ್‌ನಲ್ಲಿ ಫ್ಲಾಪಿ ಡ್ರೈವ್ ಇರಲೇ ಇಲ್ಲ. ಅದರ ಜಾಗದಲ್ಲಿ 256 ಮೆಗಾಬೈಟ್ ಹಿಡಿಯುವ ಆಪ್ಟಿಕಲ್ ಡಿಸ್ಕ್. ಒಂದಕ್ಕೆ ಸುಮಾರು 50 ಡಾಲರ್. ನೆಟ್‌ವರ್ಕ್ ಇಲ್ಲದ ಕಡೆ ನಾಲ್ಕು ಪುಟದ ಪ್ರಬಂಧವನ್ನು ಗೆಳೆಯನಿಗೆ ದಾಟಿಸಲು ಅಷ್ಟು ಬೆಲೆಯ ಡಿಸ್ಕನ್ನೇ ಕೈಗಿಡಬೇಕು, ಅವನ ಬಳಿಯೂ ನೆಕ್ಸ್ಟ್ ಇರಬೇಕು! ಶೇಕ್ಸ್‌ಪಿಯರ್‌ನ ಕೃತಿಗಳು, ವೆಬ್‌ಸ್ಟರ್ ನಿಘಂಟು ಯಂತ್ರದ ಜೊತೆಗೇ ಬರುತ್ತಿದ್ದವು, ಅದು ನಿಜಕ್ಕೂ ಸೊಗಸಾದ ಯೋಚನೆ. ಆದರೆ ಹಾಸ್ಟೆಲಿನ ದಿನನಿತ್ಯದ ಕೊಡುಕೊಳ್ಳುವಿಕೆಗೆ ಅದರಿಂದ ದಾರಿಯಾಗಲಿಲ್ಲ. 1990ರ ಮಾದರಿಗಳಿಗೆ ಫ್ಲಾಪಿ ಬಂತು, ಅಷ್ಟರಲ್ಲಿ ತಡವಾಗಿತ್ತು. 1989ರಲ್ಲೇ ಕಂಪನಿ ಕಚೇರಿಗಳ ಕಡೆ ಮುಖ ಮಾಡಿ ಅಂಗಡಿಗಳ ಮೂಲಕ ಸುಮಾರು 10,000 ಡಾಲರಿಗೆ ಮಾರಲು ಹೊರಟಿತ್ತು.

ಇನ್ನು ‘ನೆಕ್ಸ್ಟ್ ಸಂಪೂರ್ಣ ಸೋಲು’ ಎಂಬ ಮಾತು. ಯಂತ್ರಗಳ ಮಾರಾಟ ಸುಮಾರು 50,000ಕ್ಕೆ ನಿಂತು 1993ರಲ್ಲಿ ತಯಾರಿಕೆ ಮುಗಿದದ್ದು ನಿಜ. ಆದರೆ 1990ರಲ್ಲಿ ಟಿಮ್ ಬರ್ನರ್ಸ್ ಲೀ ಸರ್ನ್ ಸಂಸ್ಥೆಯಲ್ಲಿ ಮೊದಲ ವೆಬ್ ಬ್ರೌಸರ್ ಮತ್ತು ಸರ್ವರ್ ಬರೆದದ್ದು ಇದೇ ಯಂತ್ರದ ಮೇಲೆ. 1996ರ ಡಿಸೆಂಬರ್‌ನಲ್ಲಿ ಆಪಲ್ ಈ ಕಂಪನಿಯನ್ನು ಕೊಳ್ಳುವುದಾಗಿ ಪ್ರಕಟಿಸಿತು. ಅದರ ತಂತ್ರಾಂಶದಿಂದಲೇ ಮ್ಯಾಕ್ ಒಎಸ್ ಟೆನ್ ಹುಟ್ಟಿತು. ಐಫೋನ್‌ಗೆ ಆ್ಯಪ್ ಬರೆಯುವ ಬೆಂಗಳೂರಿನ ತರುಣರು ಇಂದಿಗೂ ‘ಎನ್‌ಎಸ್’ ಎಂದು ಶುರುವಾಗುವ ಹೆಸರುಗಳನ್ನು ಕಾಣುತ್ತಾರೆ. ಅವು ನೆಕ್ಸ್ಟ್ ಕಾಲದವು.

ಇಷ್ಟೆಲ್ಲ ಕೇಳಿ ‘ಕಾಲೇಜನ್ನು ನಂಬಿದ್ದೇ ತಪ್ಪು’ ಎಂದು ತೀರ್ಪು ಕೊಡುವವರಿದ್ದಾರೆ. ಆದರೆ ನೆಕ್ಸ್ಟ್‌ನ ಕಾರ್ಯಾಚರಣ ವ್ಯವಸ್ಥೆಯ ಒಳತಿರುಳಾದ ‘ಮಾಕ್’ ರೂಪುಗೊಂಡದ್ದು ಕಾರ್ನೆಗಿ ಮೆಲನ್ ಕ್ಯಾಂಪಸ್ಸಿನಲ್ಲಿ. ಅಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿ ಅದರ ಮೇಲೆ ದುಡಿದ ಏವಿ ಟೆವೇನಿಯನ್ ನೆಕ್ಸ್ಟ್ ಸೇರಿ, ಆಮೇಲೆ ಆಪಲ್‌ನ ತಂತ್ರಾಂಶ ವಿಭಾಗವನ್ನು ಮುನ್ನಡೆಸಿದರು. ಕ್ಯಾಂಪಸ್ ಆ ಯಂತ್ರವನ್ನು ಕೊಂಡದ್ದು ಕಡಿಮೆ, ಅದಕ್ಕೆ ಕೊಟ್ಟದ್ದು ಬಹಳ.