ನಾಗರಹಾವಿಗೆ ಹಾಲೆರೆದ ಹೆಡ್‌ಮಾಸ್ತರರು

ಕನ್ನಡ ಶಾಲೆಯಲ್ಲಿ ಕಲಿತವರು ಪಂಜೆ ಮಂಗೇಶರಾಯರ ಹೆಸರು ಮರೆತಿರಬಹುದು, ಅವರ ನಾಗರಹಾವಿನ ಪದ್ಯವನ್ನು ಮರೆತಿರುವುದಿಲ್ಲ. ಮೊದಲ ಸಾಲು ಎತ್ತಿಕೊಟ್ಟರೆ ಸಾಕು, ಅರವತ್ತು ದಾಟಿದವರೂ ಉಳಿದದ್ದನ್ನು ಪೂರೈಸುತ್ತಾರೆ. ಅಷ್ಟರಲ್ಲಿ ಕೈ ತಾನಾಗಿ ಹೆಡೆಯಾಗಿರುತ್ತದೆ. ಆದರೆ ಇದನ್ನೇ ಮೆಚ್ಚಿ ಮೆಚ್ಚಿ ನಾವು ಪಂಜೆಯವರನ್ನು ‘ಮಕ್ಕಳ ಕವಿ’ ಎಂಬ ಗೂಡಿನಲ್ಲಿ ಕೂರಿಸಿ ಬಾಗಿಲು ಹಾಕಿದ್ದೇವೆ. ಅವರು ಮೊದಲು ಮಾಸ್ತರು, ಆಮೇಲೆ ಶಾಲಾ ಇನ್‌ಸ್ಪೆಕ್ಟರು, ಕೊನೆಗೆ ಹೆಡ್‌ಮಾಸ್ತರರು. ಕವಿತೆ ಹುಟ್ಟಿದ್ದು ಆ ನೌಕರಿಯ ಒಳಗಿನಿಂದಲೇ.

ಹುಟ್ಟಿದ್ದು 1874ರಲ್ಲಿ, ನೇತ್ರಾವತಿಯ ದಡದ ಬಂಟ್ವಾಳದಲ್ಲಿ. ಮನೆಯಲ್ಲಿ ಕೊಂಕಣಿ, ಬೀದಿಗಿಳಿದರೆ ತುಳು, ಶಾಲೆಯಲ್ಲಿ ಕನ್ನಡ. ದಕ್ಷಿಣ ಕನ್ನಡದ ಹುಡುಗರಿಗೆ ಇದು ಇವತ್ತಿಗೂ ಹೊಸದಲ್ಲ. ಆದರೆ ಕನ್ನಡವನ್ನು ಕಲಿತು ಪಡೆದವರಿಗೆ ಅದರ ಸದ್ದು ಸ್ವಲ್ಪ ಬೇರೆಯಾಗಿಯೇ ಕೇಳಿಸುತ್ತದೆ ಎಂದು ನನ್ನ ಗುಮಾನಿ. ತಂದೆ ಬೇಗ ತೀರಿಕೊಂಡರು, ಸಂಸಾರದ ಭಾರ ಎಳೆಯ ಹೆಗಲಿಗೆ ಬಿತ್ತು, ಮನೆಪಾಠ ಹೇಳಿಕೊಂಡೇ ಓದಿದರು. ಮಂಗಳೂರಿನಲ್ಲಿ ಕನ್ನಡ ಪಂಡಿತರಾಗಿ ಪಾಠ ಹೇಳುವ ಹೊತ್ತಿಗೆ ಅವರ ಶಿಷ್ಯರಲ್ಲಿ ಮಂಜೇಶ್ವರದ ಒಬ್ಬ ಹುಡುಗನಿದ್ದ. ಮುಂದೆ ಆತ ರಾಷ್ಟ್ರಕವಿ ಗೋವಿಂದ ಪೈ ಆದ.

ಭಾವಮೈದುನ ಬೆನಗಲ್ ರಾಮರಾಯರ ‘ಸುವಾಸಿನಿ’ ಪತ್ರಿಕೆಯಲ್ಲಿ 1900ರ ಆಸುಪಾಸಿಗೆ ಪಂಜೆ ಬರೆದ ‘ನನ್ನ ಚಿಕ್ಕತಾಯಿ’ಯಂಥ ಕತೆಗಳನ್ನು ಕನ್ನಡ ಸಣ್ಣಕತೆಯ ಮೊದಲ ಹೆಜ್ಜೆಗಳೆಂದು ವಿಮರ್ಶಕರು ಗುರುತಿಸುತ್ತಾರೆ. ಮಾಸ್ತಿಯವರಿಗಿಂತ ಹತ್ತು ವರ್ಷ ಹಿಂದಿನ ಮಾತು ಇದು. ಆದರೆ ಪಂಜೆ ಅಂಥ ಹಕ್ಕುಪತ್ರಗಳಿಗಾಗಿ ಹೊಡೆದಾಡಿದವರಲ್ಲ. ‘ಕವಿಶಿಷ್ಯ’, ‘ಹರಟೆಮಲ್ಲ’ ಎಂಬ ಹೆಸರುಗಳ ಹಿಂದೆ ನಿಂತು ಬರೆದರು. ತುಳು ಪಾಡ್ದನದ ವೀರರನ್ನು ‘ಕೋಟಿ ಚೆನ್ನಯ’ದಲ್ಲಿ ಕನ್ನಡಕ್ಕೆ ಕರೆತಂದರು.

ಇನ್‌ಸ್ಪೆಕ್ಟರಾಗಿ ಊರೂರಿನ ಶಾಲೆ ತಿರುಗಿದವರಿಗೆ ಒಂದು ಕೊರತೆ ಎದ್ದು ಕಂಡಿರಬೇಕು: ಮಗ್ಗಿ ಇತ್ತು, ಬಾಯಿಪಾಠ ಇತ್ತು, ಹಳೆಯ ನೀತಿಪದ್ಯಗಳಿದ್ದವು, ಆದರೆ ಎದ್ದು ನಿಂತು ಕೈಕಾಲು ಆಡಿಸಿ ಹೇಳುವಂಥದ್ದು ಕಡಿಮೆ. ನಾಗರಹಾವಿನ ಪದ್ಯವನ್ನು ಈ ಕಣ್ಣಿನಿಂದ ನೋಡಿ. ಉದ್ದಕ್ಕೂ ನಾಲ್ಕು ನಾಲ್ಕು ಮಾತ್ರೆಯ ನಡೆ, ಒಂದನೇ ಇಯತ್ತೆಯ ಮಗು ನೆಲಕ್ಕೆ ಕಾಲು ಬಡಿಯುತ್ತ ಹೇಳಬಹುದಾದಷ್ಟು ಸರಳ. ಪ್ರತಿ ಚರಣದ ಕೊನೆಗೆ ಒಂದೇ ದೀರ್ಘಾಕ್ಷರ ಮತ್ತೆ ಮತ್ತೆ ಬರುತ್ತದೆ. ಮೊದಲು ಕರೆ, ಆಮೇಲೆ ಕೊಳಲಿನ ಸ್ವರ, ಆಮೇಲೆ ಬೇಡಿಕೆ, ಕಟ್ಟಕಡೆಗೆ ಹೊರಡು ಎಂಬ ಬೀಳ್ಕೊಡುಗೆ. ಪೂರ್ತಿ ಸಾಲು ನೆನಪಿಲ್ಲದ ಮಗುವೂ ಆ ಕೊನೆಯ ಅಕ್ಷರಕ್ಕೆ ಬಾಯಿ ಸೇರಿಸುತ್ತದೆ. ನಲವತ್ತು ಮಕ್ಕಳ ತರಗತಿಯಲ್ಲಿ ಹಿಂದಿನ ಬೆಂಚನ್ನೂ ಹಾಡಿನೊಳಗೆ ಎಳೆದುಕೊಳ್ಳುವ ಉಪಾಯ ಇದು.

ಪದ್ಯದ ಒಳಗೂ ತುಳುನಾಡು ಇದೆ. ಮನೆಮನೆಗೆ ನಾಗಬನ ಇರುವ ಸೀಮೆಯಲ್ಲಿ ನಾಗರ ಅಂಗಳಕ್ಕೆ ಬಂದರೆ ಹಿರಿಯರು ದೊಣ್ಣೆ ಹುಡುಕುವುದಿಲ್ಲ. ಕೈಮುಗಿಯುತ್ತಾರೆ, ಹಾಲೆರೆಯುವ ಹರಕೆ ಹೇಳಿಕೊಳ್ಳುತ್ತಾರೆ, ಒಳಗೊಳಗೆ ಅದು ಬೇಗ ಹೋಗಲಿ ಎಂದೂ ಬಯಸುತ್ತಾರೆ. ಭಕ್ತಿ, ಆಸೆ, ಭಯ ಮೂರೂ ಇದೇ ಕ್ರಮದಲ್ಲಿ ಪದ್ಯದಲ್ಲಿವೆ. ನೀತಿ ಮಾತ್ರ ಇಲ್ಲ. ಮಕ್ಕಳ ಪದ್ಯವೆಂದರೆ ಕೊನೆಗೊಂದು ಬುದ್ಧಿಮಾತು ಅಂಟಿಸಬೇಕೆಂದು ಇವತ್ತಿಗೂ ನಂಬಿರುವವರು ಇದನ್ನು ಗಮನಿಸಬೇಕು.

1920ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನವರು ಕೇಶಿರಾಜನ ‘ಶಬ್ದಮಣಿದರ್ಪಣ’ದ ಕಿಟ್ಟೆಲ್ ಆವೃತ್ತಿಯನ್ನು ಮತ್ತೆ ಅಚ್ಚು ಹಾಕಿದಾಗ ಅದನ್ನು ಪರಿಷ್ಕರಿಸಿದವರು ಇದೇ ಪಂಜೆ. ಆ ಹಳಗನ್ನಡ ವ್ಯಾಕರಣವನ್ನು ತಿದ್ದಿ ಕೊಟ್ಟವರೂ ಹಾವಾಡಿಸಿದವರೂ ಒಬ್ಬರೇ ಎಂದರೆ ಕೆಲವರಿಗೆ ಸೋಜಿಗ. ನನಗೆ ಇಲ್ಲ. ‘ತೆಂಕಣ ಗಾಳಿಯಾಟ’ದಲ್ಲಿ ಗಾಳಿಯ ರಭಸವನ್ನು ಅವರು ತರುವುದು ವರ್ಣನೆಯಿಂದಲ್ಲ, ವ್ಯಂಜನಗಳನ್ನು ಒಂದಕ್ಕೊಂದು ಬಡಿಸಿ. ಅಲ್ಪಪ್ರಾಣ ಮಹಾಪ್ರಾಣಗಳ ತೂಕ ಬೆರಳತುದಿಯಲ್ಲಿ ಗೊತ್ತಿಲ್ಲದವರು ಅದನ್ನು ಬರೆಯಲಾರರು. ಮಕ್ಕಳ ಕತೆಗೆ ಬಂದರೆ, ‘ಸಿಗಡಿ ಯಾಕೆ ಒಣಗಲಿಲ್ಲ’ ತೆಗೆದುಕೊಳ್ಳಿ. ಕರಾವಳಿಯ ಅಡುಗೆಮನೆಯ ಸಿಗಡಿಯನ್ನು ಹಿಡಿದು ಯಾಕೆ, ಯಾಕೆ ಎಂದು ಸರಪಣಿಯಾಗಿ ಕೇಳುತ್ತ ಹೋಗುವ ಕತೆ. (ನೀತಿಪಾಠದವರು ಸಿಗಡಿಯನ್ನು ಪಠ್ಯಕ್ಕೆ ಬಿಟ್ಟುಕೊಳ್ಳುತ್ತಿದ್ದರೋ ಇಲ್ಲವೋ!)

ಆಮೇಲೆ ಮಡಿಕೇರಿ. ಸರ್ಕಾರಿ ಸೆಂಟ್ರಲ್ ಹೈಸ್ಕೂಲಿಗೆ ಪಂಜೆ ಮುಖ್ಯೋಪಾಧ್ಯಾಯರಾದರು. ಆಗ ಕೊಡಗು ಬ್ರಿಟಿಷ್ ಚೀಫ್ ಕಮಿಷನರರ ಕೈಕೆಳಗಿನ ಪ್ರತ್ಯೇಕ ಪ್ರಾಂತ. ನಡಿಕೇರಿಯಂಡ ಚಿಣ್ಣಪ್ಪನವರು ಕೊಡವರ ಹಾಡು, ಪದ್ಧತಿಗಳನ್ನು ಕಲೆಹಾಕಿ 1924ರಲ್ಲಿ ‘ಪಟ್ಟೋಲೆ ಪಳಮೆ’ಯನ್ನು ಹೊರತಂದ ಕಾಲ. ಘಟ್ಟದ ಕೆಳಗಿನಿಂದ ಬಂದ ಹೆಡ್‌ಮಾಸ್ತರರು ಆ ನಾಡಿಗೆ ಕೊಟ್ಟದ್ದು ‘ಹುತ್ತರಿ ಹಾಡು’. ಹುತ್ತರಿಯೆಂದರೆ ಹೊಸ ಅಕ್ಕಿಯ ಹಬ್ಬ. ಬೆಳದಿಂಗಳಲ್ಲಿ ಗದ್ದೆಗಿಳಿದು ‘ಪೊಲಿ ಪೊಲಿ ದೇವಾ’ ಎಂದು ಕೂಗುತ್ತ ಕದಿರು ಕೊಯ್ಯುವ ರಾತ್ರಿ ಅದು. ಹೊರಗಿನವರು ಇಂಥದ್ದನ್ನು ಬರೆಯಹೊರಟರೆ ಹಬ್ಬದ ವರದಿಯಾಗುವ ಅಪಾಯವೇ ಹೆಚ್ಚು. ಪಂಜೆ ತರಗತಿಯ ವರಸೆ ಹಿಡಿದರು. ಎಲ್ಲಿ, ಎಲ್ಲಿ ಎಂದು ಒಂದರ ಮೇಲೊಂದು ಪ್ರಶ್ನೆ ಹಾಕುತ್ತಾರೆ, ಬೆಟ್ಟ, ಕಾವೇರಿ, ವೀರರ ಹೆಜ್ಜೆಗಳನ್ನೆಲ್ಲ ಸುತ್ತಿಸುತ್ತಾರೆ, ಆಮೇಲೆ ಅಲ್ಲಿ ನೋಡು ಎಂದು ಬೆರಳು ಮಾಡಿ ಕೊಡಗನ್ನು ತೋರಿಸುತ್ತಾರೆ. ಗೋಡೆಗೆ ಭೂಪಟ ನೇತುಹಾಕಿ ಪಾಠ ಮಾಡಿದವರಿಗಲ್ಲದೆ ಇನ್ನೊಬ್ಬರಿಗೆ ಈ ಕಟ್ಟು ಹೊಳೆಯುತ್ತಿರಲಿಲ್ಲ. ಮೂರು ನಾಲ್ಕು ಮಾತ್ರೆಯ ಆ ಓಟ ಸಭೆಯ ಒಕ್ಕೊರಲಿಗೆ ಹೇಳಿ ಮಾಡಿಸಿದ್ದು. ಕೊಡಗಿನ ಸಮಾರಂಭಗಳಲ್ಲಿ ಅದು ನಾಡಗೀತೆಯ ಸ್ಥಾನದಲ್ಲೇ ನಿಂತಿದೆ.

ಮಂಗಳೂರಿನಲ್ಲಿ ‘ಬಾಲಸಾಹಿತ್ಯ ಮಂಡಲ’ ಕಟ್ಟಿ ಮಕ್ಕಳ ಕೈಗೆ ಸಿಗುವಂಥ ಪುಟ್ಟ ಪುಸ್ತಕಗಳನ್ನು ಹೊರತರುವ ಕೆಲಸಕ್ಕೂ ಪಂಜೆ ಕೈಹಾಕಿದರು. 1934ರಲ್ಲಿ ರಾಯಚೂರಿನ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರಿಗೆ ಬಂತು. ನಿಜಾಮರ ಸೀಮೆಯ ವೇದಿಕೆಗೆ ಕರಾವಳಿಯ ಶಾಲಾಮಾಸ್ತರರನ್ನು ಕರೆದದ್ದು ಸಾಹಿತ್ಯ ಪರಿಷತ್ತಿನ ಒಳ್ಳೆಯ ತೀರ್ಮಾನಗಳಲ್ಲೊಂದು. 1937ರಲ್ಲಿ ಹೈದರಾಬಾದಿನಲ್ಲಿ ತೀರಿಕೊಂಡರು. ಮಕ್ಕಳಿಗಾಗಿ ರಾಜರತ್ನಂ ‘ತುತ್ತೂರಿ’ ಊದಲು, ಕಾರಂತರು ‘ಬಾಲಪ್ರಪಂಚ’ ಕಟ್ಟಲು ಅವರು ನೆಲ ಹದ ಮಾಡಿದ್ದರು.

ಈಗ ನಾಗರಹಾವು ಕಾರ್ಟೂನು ವಿಡಿಯೋ ಆಗಿ ಫೋನಿನಲ್ಲಿ ಸಿಗುತ್ತದೆ. ತಪ್ಪೇನಲ್ಲ. ಆದರೆ ಅಲ್ಲಿ ಹಾವು ತೆರೆಯ ಮೇಲೆ ಆಡುತ್ತದೆ, ಮಗು ಕೂತು ನೋಡುತ್ತದೆ. ಪಂಜೆ ಬರೆದದ್ದು ಮಗುವೇ ಹಾವಾಗಲೆಂದು. ಅದಕ್ಕೆ ಪುಸ್ತಕವೇ ಮಗುವಿನ ಕೈಗೆ ಸಿಗಬೇಕು: ಪಂಜೆಯವರ ಹಾಡುಗಳ ಜತೆಗೆ ಕತೆ, ಹರಟೆ, ಪ್ರಬಂಧಗಳನ್ನೂ ಸೇರಿಸಿ, ಚಿತ್ರ ಬರೆಸಿ, ಹಳ್ಳಿ ಶಾಲೆಯೂ ಕೊಳ್ಳಬಹುದಾದ ಬೆಲೆಗೆ ಯಾರಾದರೂ ಅಚ್ಚು ಹಾಕಬೇಕು. ಕವಿ ತೀರಿಕೊಂಡು ಅರವತ್ತು ವರ್ಷ ಯಾವತ್ತೋ ದಾಟಿರುವುದರಿಂದ ಹಕ್ಕುಸ್ವಾಮ್ಯದ ತೊಡಕೂ ಇಲ್ಲ.