ಡ್ರೋನ್ ಇಳಿಸಿ ಎಂದ ಮೇಲೆ

ಡ್ರೋನ್ ನಿಯಮ ಮುರಿದವರಿಗೆ ಸ್ಥಳದಲ್ಲೇ ದಂಡ ಹಾಕುವ ಅಧಿಕಾರ ಠಾಣೆಯ ಅಧಿಕಾರಿಗೆ ತಾನಾಗಿ ಬರುವುದಿಲ್ಲ. 2021ರ ಡ್ರೋನ್ ನಿಯಮಗಳ ಪ್ರಕಾರ ದಂಡ ವಿಧಿಸಬೇಕಾದವರು ನಾಗರಿಕ ವಿಮಾನಯಾನ ಮಹಾನಿರ್ದೇಶಕರು, ಇಲ್ಲವೇ ಕೇಂದ್ರ ಅಥವಾ ರಾಜ್ಯ ಸರ್ಕಾರ ಅದಕ್ಕೆಂದೇ ನೇಮಿಸಿದ ಅಧಿಕಾರಿ. ಅವರೂ ಹಾರಿಸಿದವರ ಮಾತು ಕೇಳಿದ ಮೇಲೆಯೇ ತೀರ್ಮಾನಕ್ಕೆ ಬರಬೇಕು, ದಂಡ 1 ಲಕ್ಷ ರೂಪಾಯಿ ಮೀರುವಂತಿಲ್ಲ. ಬೀದಿಯಲ್ಲಿ ಎಷ್ಟೋ ಸಲ ನಡೆಯುವುದು ಬೇರೆಯೇ. ಮದುವೆ ಛತ್ರದ ಮೇಲೋ ರಥೋತ್ಸವದ ಮೇಲೋ ಡ್ರೋನ್ ಹಾರಿಸುತ್ತಿದ್ದ ಹುಡುಗನನ್ನು ತಡೆದು, ಡ್ರೋನನ್ನೂ ಕಂಟ್ರೋಲರನ್ನೂ ಜೀಪಿಗೆ ಹಾಕಿಕೊಂಡು, ‘ಸಂಜೆ ಸ್ಟೇಷನ್ ಹತ್ರ ಬಾ’ ಎಂದರೆ ಮುಗಿಯಿತು. ರಸೀದಿ ಇಲ್ಲ, ಕಾರಣ ಬರೆದ ಚೀಟಿ ಇಲ್ಲ, ಅಲ್ಲಿಂದಾಚೆಗೆ ಎಲ್ಲವೂ ಬಾಯಿಮಾತು. ನನ್ನ ವಾದ ಇಷ್ಟೇ: ಹಾರುತ್ತಿರುವ ಡ್ರೋನನ್ನು ಇಳಿಸು ಎನ್ನುವ ಅಧಿಕಾರ ಪೊಲೀಸರಿಗಿದೆ, ಇರಲೇಬೇಕು. ಆದರೆ ಅದು ನೆಲ ಮುಟ್ಟಿದ ಮೇಲೆ ನಡೆಯುವ ಪ್ರತಿಯೊಂದೂ ಬರವಣಿಗೆಗೆ ಇಳಿಯಬೇಕು. ಡ್ರೋನ್ ಹಾರಿಸುವವರ ಹಕ್ಕಿನ ತಿರುಳು ಈ ಬರವಣಿಗೆಯಲ್ಲಿದೆ. ಪೊಲೀಸರೊಡನೆ ಅಲ್ಲೇ ನಿಂತು ವಾದಿಸಿ ಗೆಲ್ಲುವುದರಲ್ಲಿ ಇಲ್ಲ.

ಈಗಿನ ನಿಯಮಗಳು ಬಂದ ಹೊತ್ತನ್ನು ಮೊದಲು ಗಮನಿಸಬೇಕು. 2021ರ ಜೂನ್ 27ರಂದು ಜಮ್ಮುವಿನ ವಾಯುನೆಲೆಯ ಮೇಲೆ ಡ್ರೋನ್ ಮೂಲಕ ಸ್ಫೋಟಕ ಬಿದ್ದಿತ್ತು. ಅದಾಗಿ ಎರಡೇ ತಿಂಗಳಿಗೆ, ಆಗಸ್ಟ್ 25ರಂದು, ಕೇಂದ್ರ ಸರ್ಕಾರ ಹಿಂದಿನ ಬಿಗಿ ನಿಯಮಗಳನ್ನು ತೆಗೆದುಹಾಕಿ ಹಗುರವಾದ ಹೊಸ ನಿಯಮಗಳನ್ನು ತಂದಿತು. ಅಪಾಯ ಕಣ್ಣೆದುರೇ ಇದ್ದಾಗ ಸರ್ಕಾರ ಆರಿಸಿಕೊಂಡ ದಾರಿ ಇದು: ಎಲ್ಲರನ್ನೂ ತಡೆಯುವುದಲ್ಲ, ಆಕಾಶವನ್ನು ವಲಯಗಳಾಗಿ ಗುರುತಿಸಿ ನಕ್ಷೆಯಲ್ಲಿ ಎಲ್ಲರಿಗೂ ತೋರಿಸುವುದು. ಹಸಿರು ವಲಯದಲ್ಲಿ 400 ಅಡಿ ಎತ್ತರದವರೆಗೆ ಹಾರಿಸಲು ಯಾರ ಅನುಮತಿಯೂ ಬೇಡ. ವಿಮಾನ ನಿಲ್ದಾಣದ ಎಲ್ಲೆಯಿಂದ 8 ಕಿಲೋಮೀಟರ್ ಆಚೆ, 12 ಕಿಲೋಮೀಟರ್ ಒಳಗಿನ ಪಟ್ಟಿಯಲ್ಲಿ ಈ ಮಿತಿ 200 ಅಡಿಗೆ ಇಳಿಯುತ್ತದೆ. ಹಳದಿ ವಲಯಕ್ಕೆ ವಿಮಾನ ಸಂಚಾರ ನಿಯಂತ್ರಣ ಕೇಂದ್ರದ ಒಪ್ಪಿಗೆ ಬೇಕು, ಕೆಂಪು ವಲಯಕ್ಕೆ ಕೇಂದ್ರ ಸರ್ಕಾರದ್ದು. ಎಚ್‌ಎಎಲ್, ಜಕ್ಕೂರು, ಯಲಹಂಕ, ದೇವನಹಳ್ಳಿ ಇಷ್ಟನ್ನೂ ಮಗ್ಗುಲಲ್ಲಿಟ್ಟುಕೊಂಡ ಬೆಂಗಳೂರಿನಲ್ಲಿ ನಕ್ಷೆ ನೋಡದೆ ಡ್ರೋನ್ ಮೇಲೇರಿಸುವುದು ದೊಡ್ಡ ಅವಿವೇಕ. ಹಂಪಿಯಂಥ ಜಾಗದಲ್ಲಿ ಪುರಾತತ್ವ ಇಲಾಖೆಯ ಅನುಮತಿಯೂ ಬೇಕು, ಅಭಯಾರಣ್ಯದಲ್ಲಿ ಅರಣ್ಯ ಇಲಾಖೆಯದ್ದು.

ತೂಕದ ಲೆಕ್ಕ ಇಷ್ಟೇ ಮುಖ್ಯ. 250 ಗ್ರಾಂವರೆಗಿನದು ನ್ಯಾನೋ, 2 ಕಿಲೋವರೆಗಿನದು ಮೈಕ್ರೋ, 25 ಕಿಲೋವರೆಗಿನದು ಸ್ಮಾಲ್. ನ್ಯಾನೋ ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಡ, ಮೂರನೇ ವ್ಯಕ್ತಿ ವಿಮೆಯೂ ಬೇಡ. ಮೈಕ್ರೋವನ್ನು ದುಡಿಮೆಗಲ್ಲದೆ ಹಾರಿಸಿದರೆ ಪ್ರಮಾಣಪತ್ರದ ಅಗತ್ಯವಿಲ್ಲ. ಮದುವೆ ಶೂಟಿಂಗಿಗೆ ಹಣ ಪಡೆದರೆ ಬೇಕು. ಮಾರುಕಟ್ಟೆಯ ಹಲವು ಚಿಕ್ಕ ಡ್ರೋನ್‌ಗಳ ತೂಕ ಬೇಕೆಂತಲೇ 249 ಗ್ರಾಂನ ಒಳಗಿರುತ್ತದೆ. ಆದರೆ ಹೆಚ್ಚು ಹೊತ್ತು ಹಾರಲೆಂದು ದೊಡ್ಡ ಬ್ಯಾಟರಿ ಹಾಕಿದರೆ ಅದೇ ಡ್ರೋನ್ 290 ಗ್ರಾಂ ಆಸುಪಾಸಿಗೆ ಹೋಗುತ್ತದೆ, ರೆಕ್ಕೆಗೆ ಗಾರ್ಡ್ ಸಿಕ್ಕಿಸಿದರೂ ಗೆರೆ ದಾಟುತ್ತದೆ. ಆ ಕ್ಷಣಕ್ಕೆ ಅದು ಕಾನೂನಿನ ಕಣ್ಣಲ್ಲಿ ಬೇರೆ ಯಂತ್ರ. ‘ನನ್ನದು ನ್ಯಾನೋ ಸಾರ್’ ಎನ್ನುವವರು ತಮ್ಮ ಡ್ರೋನ್ ಯಾವ ಬ್ಯಾಟರಿಯಲ್ಲಿ ಹಾರುತ್ತಿದೆ ಎಂದು ಮೊದಲೇ ನೋಡಿಕೊಂಡಿರಬೇಕು. ನ್ಯಾನೋ ಎಂದಮಾತ್ರಕ್ಕೆ ಕೆಂಪು ವಲಯ ಹಸಿರಾಗುವುದಿಲ್ಲ.

ಹಸಿರು ವಲಯವನ್ನು ಪೊಲೀಸರು ಕೆಂಪು ಮಾಡಬಹುದೇ? ಮಾಡಬಹುದು, ಅದಕ್ಕೂ ದಾರಿ ಹಾಕಿಕೊಟ್ಟಿದೆ. ತುರ್ತು ಕಾರಣವಿದ್ದರೆ ಪೊಲೀಸ್ ವರಿಷ್ಠಾಧಿಕಾರಿ ಅಥವಾ ಅದಕ್ಕೆ ಸಮಾನ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಒಂದು ಪ್ರದೇಶವನ್ನು ಒಂದು ಸಲಕ್ಕೆ ಗರಿಷ್ಠ 96 ಗಂಟೆ ತಾತ್ಕಾಲಿಕ ಕೆಂಪು ವಲಯವೆಂದು ಘೋಷಿಸಬಹುದು. ಅದು ಡಿಜಿಟಲ್ ಸ್ಕೈ ಎಂಬ ಸರ್ಕಾರಿ ಜಾಲತಾಣದ ನಕ್ಷೆಯಲ್ಲಿ ಕಾಣಿಸಬೇಕು, ವಲಯ ಅಗತ್ಯಕ್ಕಿಂತ ದೊಡ್ಡದಾಗದಂತೆ ನೋಡಿಕೊಳ್ಳಬೇಕು. ಇದಲ್ಲದೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ, ಅಂದರೆ ಹಳೆಯ 144, ಅಡಿಯಲ್ಲೂ ನಿಷೇಧಾಜ್ಞೆ ಹೊರಡಿಸಬಹುದು. ಏರೋ ಇಂಡಿಯಾ ನಡೆಯುವಾಗ ಯಲಹಂಕದ ಸುತ್ತ ಡ್ರೋನ್ ನಿಷೇಧಿಸುವುದು ನಮಗೆಲ್ಲ ಗೊತ್ತಿರುವ ಸಂಗತಿ. ಆದ್ದರಿಂದ ‘ಇಲ್ಲಿ ಹಾರಿಸುವಂತಿಲ್ಲ’ ಎಂದು ಪೇದೆ ಹೇಳಿದಾಗ, ಡ್ರೋನ್ ಇಳಿಸಿದ ಮೇಲೆ ‘ಯಾವ ಆದೇಶ ಸಾರ್, ಸ್ವಲ್ಪ ತೋರಿಸ್ತೀರಾ’ ಎಂದು ಕೇಳುವುದು ಉದ್ಧಟತನವಲ್ಲ. ಆದೇಶ ಇದ್ದರೆ ಅದಕ್ಕೆ ಸಂಖ್ಯೆ, ದಿನಾಂಕ, ಸಹಿ ಇರುತ್ತದೆ.

ಇನ್ನು ಪ್ರಕರಣದ ಮಾತು. ಈ ವಿಷಯಕ್ಕೆ ಬಹಳ ಹತ್ತಿರದ ತೀರ್ಪೊಂದು ಸುಪ್ರೀಂ ಕೋರ್ಟಿನಿಂದ 2025ರ ಜನವರಿಯಲ್ಲಿ ಬಂದಿದೆ. ಅದು ಡ್ರೋನ್ ಪ್ರಕರಣವಲ್ಲ. 2022ರ ಆಗಸ್ಟ್ 31ರಂದು ಜಾರ್ಖಂಡದ ದೇವಘರ್ ವಿಮಾನ ನಿಲ್ದಾಣದಲ್ಲಿ ಸಂಸದರು ಮತ್ತಿತರರು ನಿಯಂತ್ರಣ ಕೇಂದ್ರಕ್ಕೆ ಹೋಗಿ, ಹೊತ್ತು ಮೀರಿದ ಮೇಲೆ ವಿಮಾನ ಹೊರಡಿಸಲು ಒತ್ತಡ ಹಾಕಿದರು ಎಂಬ ಆರೋಪದ ಮೇಲೆ ರಾಜ್ಯ ಪೊಲೀಸರು ಎಫ್‌ಐಆರ್ ದಾಖಲಿಸಿದ್ದರು. ಹೈಕೋರ್ಟ್ ಅದನ್ನು ರದ್ದು ಮಾಡಿತು, ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ವಿಮಾನ ಕಾಯ್ದೆ ತನ್ನಷ್ಟಕ್ಕೆ ಪೂರ್ಣವಾದದ್ದು. ಅದರಡಿಯ ಅಪರಾಧವನ್ನು ನ್ಯಾಯಾಲಯ ಗಣನೆಗೆ ತೆಗೆದುಕೊಳ್ಳಬೇಕಾದರೆ ವಿಮಾನಯಾನ ಪ್ರಾಧಿಕಾರದ ದೂರು ಅಥವಾ ಮುಂಚಿನ ಲಿಖಿತ ಒಪ್ಪಿಗೆ ಇರಬೇಕು. ಪೊಲೀಸರು ತಾವು ಕಲೆಹಾಕಿದ ಸಾಮಗ್ರಿಯನ್ನು ಆ ಪ್ರಾಧಿಕಾರಕ್ಕೆ ಒಪ್ಪಿಸಬಹುದು. ತೀರ್ಪಿನ ಸಾರ ಇದು. 1934ರ ಆ ಕಾಯ್ದೆಯ ಜಾಗಕ್ಕೆ 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆ, ಚೌಕಟ್ಟು ಅದೇ ಉಳಿದಿದೆ. ಡ್ರೋನ್ ನಿಯಮಗಳು ಹುಟ್ಟಿದ್ದೂ ಆ 1934ರ ಕಾಯ್ದೆಯಿಂದಲೇ. ಸಂಸದರಿಗೆ ಸಿಕ್ಕ ಈ ರಕ್ಷಣೆ ಶಿವಮೊಗ್ಗದ ಮದುವೆ ಫೋಟೋಗ್ರಾಫರಿಗೂ ಸಿಗಲೇಬೇಕಾದದ್ದು.

‘ಹಾಗಾದರೆ ಪೊಲೀಸರ ಕೈ ಕಟ್ಟಿಹಾಕಿದಂತಾಯಿತಲ್ಲ’ ಎಂಬ ಆಕ್ಷೇಪ ಇಲ್ಲಿ ಏಳುತ್ತದೆ. ಕಟ್ಟಿಲ್ಲ. ಡ್ರೋನ್ ಬಳಸಿ ಮಾಡಿದ ಬೇರೆ ಅಪರಾಧಗಳು ಪೂರ್ತಿಯಾಗಿ ಪೊಲೀಸರ ವ್ಯಾಪ್ತಿಯಲ್ಲೇ ಇವೆ. ಹೆಣ್ಣುಮಗಳೊಬ್ಬಳ ಖಾಸಗಿ ಕ್ಷಣವನ್ನು ಕಿಟಕಿಯಾಚೆಯಿಂದ ಸೆರೆಹಿಡಿದರೆ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ, ಜನರ ಜೀವಕ್ಕೆ ಅಪಾಯ ತಂದರೆ 125ನೇ ಕಲಂ, ನಿಷೇಧಾಜ್ಞೆ ಮೀರಿದರೆ 223ನೇ ಕಲಂ ಇದೆ. ಸೇನಾ ನೆಲೆಯ ಚಿತ್ರ ತೆಗೆದರೆ ಅದರ ಗಂಭೀರತೆಯೇ ಬೇರೆ. ಪೊಲೀಸರು ಮಾಡಬೇಕಾದದ್ದು ಯಾವ ಕಲಂ ಎಂದು ಹೇಳುವುದು. ‘ಡ್ರೋನ್ ಕೇಸ್’ ಎಂಬ ಹೆಸರಿನ ಕೇಸು ಯಾವ ಕಾನೂನಿನಲ್ಲೂ ಇಲ್ಲ.

ಹಾರಿಸುವವರೂ ತಿಳಿದಿರಬೇಕಾದ ಮಾತೊಂದಿದೆ. ಇಳಿಸು ಎಂದರೆ ಮೊದಲು ಇಳಿಸಬೇಕು. ಹಸಿರು ವಲಯವೇ ಇರಲಿ, ಎಲ್ಲ ಕಾಗದವೂ ಜೇಬಿನಲ್ಲೇ ಇರಲಿ, ಚರ್ಚೆ ಆಮೇಲೆ. ಇದು ಹೆದರಿಕೆಯಿಂದ ಬಂದ ಸಲಹೆಯಲ್ಲ. ಕಣ್ಣು ಡ್ರೋನಿನ ಮೇಲಿರಬೇಕಾದ ಹೊತ್ತಿನಲ್ಲಿ ವಾಗ್ವಾದಕ್ಕಿಳಿದರೆ ಅಪಾಯ ಕೆಳಗೆ ನಿಂತವರಿಗೆ. ಇದೇ ಕಾರಣಕ್ಕೆ ಪೊಲೀಸರೂ ಹಾರಾಟದ ನಡುವೆ ಕಂಟ್ರೋಲರಿಗೆ ಕೈಹಾಕಬಾರದು. ಸಂಪರ್ಕ ಕಡಿದರೆ ಬಹುಪಾಲು ಕ್ಯಾಮೆರಾ ಡ್ರೋನ್‌ಗಳು ಮೊದಲೇ ನಿಗದಿಪಡಿಸಿದ ಎತ್ತರಕ್ಕೆ ಏರಿ, ಹೊರಟ ಜಾಗಕ್ಕೆ ತಾವಾಗಿ ಮರಳಿ ಇಳಿಯತೊಡಗುತ್ತವೆ. ಹೊರಟ ಜಾಗದಲ್ಲಿ ಈಗ ಜನ ಸೇರಿದ್ದರೆ, ಮೇಲೆ ವಿದ್ಯುತ್ ತಂತಿ ಇದ್ದರೆ, ಅದನ್ನು ತಪ್ಪಿಸಬೇಕಾದ ಬೆರಳು ಕಂಟ್ರೋಲರಿನ ಮೇಲೆ ಇರುವುದಿಲ್ಲ. ತಿರುಗುವ ರೆಕ್ಕೆ ಕೈ ಕೊಯ್ಯುತ್ತದೆ. ಒಂದು ನಿಮಿಷ ಕಾದರೆ ಕಳೆದುಕೊಳ್ಳುವುದು ಏನೂ ಇಲ್ಲ.

ನೆಲ ಮುಟ್ಟಿದ ಮೇಲೆ ನಿಜವಾದ ಪ್ರಶ್ನೆ ಜಪ್ತಿಯದು. ಅಪರಾಧದ ಶಂಕೆ ಹುಟ್ಟಿಸುವ ವಸ್ತುವನ್ನು ವಶಕ್ಕೆ ಪಡೆಯಲು ಸುರಕ್ಷಾ ಸಂಹಿತೆಯ 106ನೇ ಕಲಂ ಪೊಲೀಸರಿಗೆ ಅಧಿಕಾರ ಕೊಡುತ್ತದೆ, ಇದನ್ನು ಅಲ್ಲಗಳೆಯಲಾಗದು. ಆದರೆ ಆ ಅಧಿಕಾರ ಹಂತಹಂತವಾಗಿ ಬರವಣಿಗೆಗೆ ಕಟ್ಟುಬಿದ್ದಿದೆ. ಪಂಚರ ಸಮಕ್ಷಮ ಮಹಜರು ಬರೆಯಬೇಕು, ವಶಪಡಿಸಿಕೊಂಡ ವಸ್ತುಗಳ ಪಟ್ಟಿಗೆ ಸಹಿ ಬೀಳಬೇಕು, ಮ್ಯಾಜಿಸ್ಟ್ರೇಟರಿಗೆ ವರದಿ ಹೋಗಬೇಕು. 2024ರ ಜುಲೈ 1ರಿಂದ 105ನೇ ಕಲಂ ಇನ್ನೊಂದನ್ನು ಸೇರಿಸಿದೆ: ಶೋಧ, ಜಪ್ತಿ ಎರಡನ್ನೂ, ಪಟ್ಟಿ ಬರೆದು ಸಹಿ ಹಾಕಿಸುವುದನ್ನೂ ಸೇರಿಸಿ, ಮೊಬೈಲಿನಲ್ಲಾದರೂ ದೃಶ್ಯ–ಧ್ವನಿ ಸಮೇತ ಚಿತ್ರೀಕರಿಸಿ ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಪಟ್ಟಿ ‘ಡ್ರೋನ್ ಒಂದು’ ಎಂಬಲ್ಲಿಗೆ ನಿಂತರೆ ಸಾಲದು. ಕ್ರಮಸಂಖ್ಯೆ, ಕಂಟ್ರೋಲರ್, ಎಷ್ಟು ಬ್ಯಾಟರಿ, ಒಳಗೆ ಮೆಮೊರಿ ಕಾರ್ಡ್ ಇತ್ತೇ ಇಲ್ಲವೇ, ರೆಕ್ಕೆ ಮುರಿದಿತ್ತೇ ಎಲ್ಲವೂ ಬರಬೇಕು. ನಾಳೆ ಅದನ್ನು ಬಿಡಿಸಿಕೊಳ್ಳಲು ಹೋದಾಗ ಕೈಹಿಡಿಯುವುದು ಈ ವಿವರಗಳೇ.

ಬಿಡಿಸಿಕೊಳ್ಳುವ ಹಕ್ಕಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಜನ ಸೋಲೊಪ್ಪಿಕೊಳ್ಳುವುದು ಇಲ್ಲಿಯೇ. ಮುದ್ದೆಮಾಲು ಠಾಣೆಯಲ್ಲಿ ಕೊಳೆಯಬಾರದು, ಹದಿನೈದು ದಿನ, ಹೆಚ್ಚೆಂದರೆ ಒಂದು ತಿಂಗಳಿಗಿಂತ ಅಲ್ಲಿ ಇರಿಸಿಕೊಳ್ಳಬಾರದು ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಗುಜರಾತಿನ ಪ್ರಕರಣವೊಂದರಲ್ಲಿ ಹೇಳಿತ್ತು. ಈಗ ಸುರಕ್ಷಾ ಸಂಹಿತೆಯ 497ನೇ ಕಲಂ ಅದಕ್ಕೆ ಗಡುವು ಕೊಟ್ಟಿದೆ. ನ್ಯಾಯಾಲಯದ ಮುಂದೆ ವಸ್ತು ಬಂದ 14 ದಿನದೊಳಗೆ ಅದರ ವಿವರಪಟ್ಟಿ ಆಗಬೇಕು, ಫೋಟೋ ತೆಗೆಯಬೇಕು, ಆಮೇಲಿನ 30 ದಿನದೊಳಗೆ ವಿಲೇವಾರಿಯ ಆದೇಶ ಬರಬೇಕು. ವಸ್ತು ನ್ಯಾಯಾಲಯಕ್ಕೇ ಬರದಿದ್ದರೆ 503ನೇ ಕಲಂ ಅಡಿ ಮಾಲೀಕರು ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬಹುದು. ಡ್ರೋನಿನ ವಿಷಯದಲ್ಲಿ ಈ ದಿನಗಳ ಲೆಕ್ಕ ಬರೀ ಕಾನೂನಿನ ಅಂಕಿಯಲ್ಲ. ಲಿಥಿಯಂ ಪಾಲಿಮರ್ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಆದ ಸ್ಥಿತಿಯಲ್ಲಿ ಬಿಸಿ ಕೋಣೆಯಲ್ಲಿ ವಾರಗಟ್ಟಲೆ ಇಟ್ಟರೆ ಹೊಟ್ಟೆ ಉಬ್ಬಿ ಕೆಲಸಕ್ಕೆ ಬಾರದಂತಾಗುತ್ತದೆ. ಉಬ್ಬಿದ ಬ್ಯಾಟರಿಗೆ ಏಟು ಬಿದ್ದರೆ ಬೆಂಕಿಯ ಭಯವಿದೆ. ಬೆಂಕಿ ಹತ್ತಿದರೆ ಪಕ್ಕದ ಕಡತಗಳೂ ಉಳಿಯುವುದಿಲ್ಲ. ‘ನಮೋ ಡ್ರೋನ್ ದೀದಿ’ ಯೋಜನೆ 15,000 ಸ್ವಸಹಾಯ ಸಂಘಗಳಿಗೆ ಕೃಷಿ ಡ್ರೋನ್ ಕೊಡಲು ಹೊರಟಿದೆ. ಔಷಧಿ ಸಿಂಪಡಿಸುವ ಹದಿನೈದು ದಿನಗಳಲ್ಲಿ ಅಂಥದ್ದೊಂದು ಠಾಣೆ ಸೇರಿದರೆ, ಮರಳಿ ಬರುವ ಹೊತ್ತಿಗೆ ಆ ಹೆಣ್ಣುಮಕ್ಕಳ ಒಂದು ಬೆಳೆಯ ದುಡಿಮೆಯೇ ಹೋಗಿರುತ್ತದೆ.

ಚಿತ್ರಗಳ ವಿಷಯದಲ್ಲಿ ಇಬ್ಬರೂ ಅವಸರದ ತಪ್ಪು ಮಾಡುತ್ತಾರೆ. ‘ಡಿಲೀಟ್ ಮಾಡು’ ಎನ್ನುವ ಪೊಲೀಸರು ತಮ್ಮ ಪ್ರಕರಣದ ಸಾಕ್ಷ್ಯವನ್ನು ತಾವೇ ಅಳಿಸಿಹಾಕುತ್ತಿರುತ್ತಾರೆ. ಹೆದರಿ ತಾನಾಗಿ ಅಳಿಸುವ ಹುಡುಗ ಸಾಕ್ಷ್ಯ ನಾಶದ ಇನ್ನೊಂದು ಆರೋಪಕ್ಕೆ ಕುತ್ತಿಗೆ ಒಡ್ಡುತ್ತಾನೆ. ಹಾರಾಟದ ದಾಖಲೆ ಹಲವು ಸಲ ಆತನ ಪರವಾಗಿಯೇ ಸಾಕ್ಷಿ ಹೇಳುತ್ತದೆ: ಎಷ್ಟು ಎತ್ತರ, ಎಷ್ಟು ಗಂಟೆ, ಎಲ್ಲಿಂದ ಎಲ್ಲಿಗೆ. ಆ ದಾಖಲೆ ಹೆಚ್ಚಾಗಿ ಇರುವುದು ಕಂಟ್ರೋಲರಿಗೆ ಜೋಡಿಸಿದ ಫೋನಿನಲ್ಲಿ. ಫೋನ್ ಎಂದರೆ ಅದರೊಳಗೆ ಬ್ಯಾಂಕು, ಸಂಸಾರ, ಸ್ನೇಹ ಎಲ್ಲ ಇದೆ. ತನಿಖಾಧಿಕಾರಿ ಪಾಸ್‌ವರ್ಡ್ ಕೇಳಬಹುದು, ಕೊಡಲೊಪ್ಪದಿದ್ದರೆ ನ್ಯಾಯಾಲಯದಿಂದ ಶೋಧದ ವಾರಂಟ್ ತರಬೇಕು ಎಂದು ಕರ್ನಾಟಕ ಹೈಕೋರ್ಟ್ 2021ರಲ್ಲಿ ಹೇಳಿದೆ. ರಸ್ತೆಯ ಮೇಲೆ ನಿಲ್ಲಿಸಿ ಗ್ಯಾಲರಿ ತಿರುವಿಹಾಕುವುದಕ್ಕೆ ಇದರಲ್ಲಿ ಜಾಗವಿಲ್ಲ.

ಬಂಧನದ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಇಲ್ಲಿ ಡ್ರೋನಿಗೆಂದು ಬೇರೆ ಕಾನೂನಿಲ್ಲ. ವಿಮಾನಯಾನ ಕಾನೂನಿನಡಿ ನಿಯಮ ಉಲ್ಲಂಘನೆಗಿರುವ ಸೆರೆವಾಸ ಗರಿಷ್ಠ 2 ವರ್ಷ. ಸುರಕ್ಷಾ ಸಂಹಿತೆಯ ಸಾಮಾನ್ಯ ಸೂತ್ರದಂತೆ, ವಿಶೇಷ ಕಾನೂನುಗಳಲ್ಲಿ 3 ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಕ್ಕೆ ವಾರಂಟ್ ಇಲ್ಲದೆ ಬಂಧಿಸುವಂತಿಲ್ಲ, ಜಾಮೀನು ಹಕ್ಕಾಗಿ ಸಿಗುತ್ತದೆ. ಬೇರೆ ಕಲಂ ಸೇರಿಸಿದರೂ 7 ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನದ ಅಗತ್ಯವಿಲ್ಲದಿದ್ದರೆ 35ನೇ ಕಲಮಿನ ನೋಟಿಸ್ ಕೊಟ್ಟು ಕರೆಸಬೇಕು. ಬಂಧಿಸಿದರೆ ಕಾರಣ ತಿಳಿಸಬೇಕು, ಮನೆಯವರಿಗೋ ಸ್ನೇಹಿತರಿಗೋ ಸುದ್ದಿ ಮುಟ್ಟಿಸಬೇಕು, ವಿಚಾರಣೆಯ ನಡುವೆ ವಕೀಲರನ್ನು ಕಾಣಲು ಬಿಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು.

ಗಟ್ಟಿಯಾದ ಆಕ್ಷೇಪವೊಂದು ಉಳಿದಿದೆ. ಆಕಾಶದಲ್ಲಿ ಗುಂಯ್‌ಗುಡುವ ಚುಕ್ಕೆ ಮದುವೆಯದೋ ಸ್ಫೋಟಕದ್ದೋ ಎಂದು ಪೇದೆಗೆ ಗೊತ್ತಾಗುವುದು ಹೇಗೆ? ಅಷ್ಟು ಹೊತ್ತಿನಲ್ಲಿ ಕಲಂ ನೋಡುತ್ತಾ ಕೂರಲಾಗುತ್ತದೆಯೇ? ಆಗುವುದಿಲ್ಲ, ಮತ್ತು ಅದಕ್ಕೇ ಇಳಿಸುವ ಆಜ್ಞೆಗೆ ನಾನು ಯಾವ ಷರತ್ತನ್ನೂ ಹಾಕಿಲ್ಲ. ಆದರೆ ಡ್ರೋನ್ ನೆಲದ ಮೇಲಿದ್ದು, ಹಾರಿಸಿದವನು ಎದುರಿಗೇ ನಿಂತು ಹೆಸರು ವಿಳಾಸ ಹೇಳುತ್ತಿರುವಾಗ ಆ ತುರ್ತು ಮುಗಿದಿರುತ್ತದೆ. ಬಾಂಬ್ ಹೊತ್ತ ಡ್ರೋನಿನ ಒಡೆಯ ಛತ್ರದ ಬಾಗಿಲಲ್ಲಿ ಕಂಟ್ರೋಲರ್ ಹಿಡಿದು ನಿಂತಿರುವುದಿಲ್ಲ. ಅನುಮಾನ ನಿಜವೇ ಆಗಿದ್ದರೂ ಮಹಜರಿಲ್ಲದೆ, ವಿಡಿಯೊ ಇಲ್ಲದೆ ಹೊತ್ತೊಯ್ದ ಡ್ರೋನ್ ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ. ಕ್ರಮ ತಪ್ಪಿದರೆ ಬಿಡುಗಡೆಯಾಗುವುದು ಮದುವೆಯ ಹುಡುಗನಷ್ಟೇ ಅಲ್ಲ, ನಿಜವಾದ ಅಪರಾಧಿಯೂ ಆಗಬಹುದು.

ಹಾರಿಸುವವರಲ್ಲಿ ಅನೇಕರು ನಿಯಮ ಪಾಲಿಸುವುದೇ ಇಲ್ಲ ಎಂಬ ದೂರೂ ಸುಳ್ಳಲ್ಲ. ವಿದೇಶಿ ಡ್ರೋನ್ ಆಮದನ್ನು 2022ರ ಫೆಬ್ರುವರಿಯಲ್ಲೇ ನಿಷೇಧಿಸಿದ್ದರೂ ಬ್ಯಾಗಿನಲ್ಲಿ ಬಂದವು ಇವೆ, ನೋಂದಣಿ ಸಂಖ್ಯೆಯಿಲ್ಲದೆ ಹಾರುವವೂ ಇವೆ. ಅಂಥವರು ದಂಡ ಕಟ್ಟಲೇಬೇಕು. ಆ ದಂಡಕ್ಕೆ ಆದೇಶದ ಪ್ರತಿ ಇರಬೇಕು, ಮೊತ್ತ ಸರ್ಕಾರದ ಖಜಾನೆಗೆ ಹೋಗಬೇಕು ಎನ್ನುವುದಷ್ಟೇ ಪ್ರಶ್ನೆ. 2025ರ ಸೆಪ್ಟೆಂಬರಿನಲ್ಲಿ ನಾಗರಿಕ ವಿಮಾನಯಾನ ಸಚಿವಾಲಯ ಹೊಸ ಡ್ರೋನ್ ಮಸೂದೆಯ ಕರಡನ್ನು ಅಭಿಪ್ರಾಯಕ್ಕಾಗಿ ಹೊರಬಿಟ್ಟಿತು. ಜೈಲು ಶಿಕ್ಷೆ, ಪೊಲೀಸರಿಗೆ ಶೋಧ–ಜಪ್ತಿಯ ವಿಸ್ತಾರವಾದ ಅಧಿಕಾರ ಅದರಲ್ಲಿದ್ದವು, ಉದ್ಯಮದವರು ಆಕ್ಷೇಪಿಸಿದರು. ಆ ಕರಡು ಯಾವ ರೂಪ ತಾಳಿದರೂ, ಜಪ್ತಿಯ ಅಧಿಕಾರ ಬರೆದ ಪುಟದಲ್ಲೇ ಮೂರು ಸಾಲು ಸೇರಲೇಬೇಕು: ಜಪ್ತಿ ಮಾಡಿದ ಜಾಗದಲ್ಲೇ ಮಾಲೀಕನ ಕೈಗೆ ಪಟ್ಟಿಯ ಪ್ರತಿ, ಬ್ಯಾಟರಿಯನ್ನು ಅರ್ಧ ಚಾರ್ಜಿಗಿಳಿಸಿ ತಂಪು ಜಾಗದಲ್ಲಿ ಬೇರೆಯಾಗಿಡುವ ಹೊಣೆ, ದೂರು ದಾಖಲಾಗದಿದ್ದರೆ ಡ್ರೋನ್ ಮರಳಿಸಲು ದಿನಗಳ ಗಡುವು.