ಆಮ್ಲಜನಕದ ಒಂದು ಸಾಲು

ಹೈದರಾಬಾದಿನ ಬೇಗಂ ಬಜಾರಿನಲ್ಲಿ ತಾಮ್ರದ ಹಂಡೆ, ತಂಬಿಗೆಗಳ ವ್ಯಾಪಾರ ಜೋರು. ವಿದ್ಯುತ್ ಹರಿಸುವುದರಲ್ಲಿ ಬೆಳ್ಳಿಯನ್ನು ಬಿಟ್ಟರೆ ತಾಮ್ರವೇ ಮುಂದು. ಆದರೂ ಶುದ್ಧ ತಾಮ್ರವನ್ನು ಎಷ್ಟು ತಣ್ಣಗಾಗಿಸಿದರೂ ಅದು ಅತಿವಾಹಕವಾದದ್ದನ್ನು ಯಾರೂ ಕಂಡಿಲ್ಲ. ಅದೇ ತಾಮ್ರ ಯಿಟ್ರಿಯಂ, ಬೇರಿಯಂ, ಆಮ್ಲಜನಕಗಳೊಡನೆ ಸೇರಿ ಕಪ್ಪು ಬಿಲ್ಲೆಯಾದರೆ, ಸುಮಾರು 90 ಕೆಲ್ವಿನ್‌ನಲ್ಲಿ ಅದರ ರೋಧ ಪೂರ್ತಿ ಮಾಯ! 77 ಕೆಲ್ವಿನ್‌ನ ದ್ರವ ಸಾರಜನಕದಲ್ಲಿ ಅದ್ದಿದರೆ ಸಾಕು.

1987ರಲ್ಲಿ ಅಮೆರಿಕದಲ್ಲಿ ಈ ಗುಣ ಮೊದಲು ಕಂಡಾಗ ಕೈಲಿದ್ದದ್ದು ಹಸಿರು, ಕಪ್ಪು ಎರಡೂ ಬೆರೆತ ಮಾದರಿ. ಕೆಲಸ ಮಾಡುತ್ತಿರುವುದು ಯಾವುದು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಿ.ಎನ್.ಆರ್. ರಾವ್, ಪಿ. ಗಂಗೂಲಿ ಮತ್ತು ಸಂಗಡಿಗರು ಅದೇ ವರ್ಷ 'ನೇಚರ್' ಪತ್ರಿಕೆಯಲ್ಲಿ ಆ ಹರಳನ್ನು ಗುರುತಿಸಿದರು: ಒಂದು ಯಿಟ್ರಿಯಂ, ಎರಡು ಬೇರಿಯಂ, ಮೂರು ತಾಮ್ರ, ಹೆಚ್ಚುಕಡಿಮೆ ಏಳು ಆಮ್ಲಜನಕ. ಬೇರೆ ಪ್ರಯೋಗಾಲಯಗಳೂ ಆಗ ಅಲ್ಲಿಗೇ ಮುಟ್ಟಿದ್ದವು. ಆದರೆ ಪದರಪದರವಾದ ತಾಮ್ರದ ಆಕ್ಸೈಡುಗಳನ್ನು ಅತಿವಾಹಕತೆಯ ಗುಲ್ಲೇಳುವ ಮೊದಲೇ ಓದಿಕೊಂಡಿದ್ದವರು ರಾವ್, ಗಂಗೂಲಿ.

ಗುಟ್ಟು ಇರುವುದು ಆ 'ಹೆಚ್ಚುಕಡಿಮೆ'ಯಲ್ಲೇ. ಹರಳಿನಲ್ಲಿ ತಾಮ್ರ–ಆಮ್ಲಜನಕದ ಎರಡು ಹಾಳೆಗಳಿವೆ, ನಡುವೆ ಯಿಟ್ರಿಯಂ. ಬೇರಿಯಂ ಪದರ ದಾಟಿದರೆ ತಾಮ್ರ–ಆಮ್ಲಜನಕದ ಸರಪಳಿಗಳು. ಹಾಳೆಗಳನ್ನು ಅಂಗಡಿ ಎಂದುಕೊಳ್ಳಿ, ಸರಪಳಿಗಳನ್ನು ಗೋದಾಮು. ಅತಿವಾಹಕತೆಯ ವ್ಯಾಪಾರವೆಲ್ಲ ಮುಖ್ಯವಾಗಿ ಅಂಗಡಿಯಲ್ಲಿ. ಆದರೆ ಹಾಳೆಯಿಂದ ಎಲೆಕ್ಟ್ರಾನುಗಳನ್ನು ಸೆಳೆದುಕೊಂಡು, ವಿದ್ಯುತ್ ಹರಿಯಲು ಬೇಕಾದ ಖಾಲಿ ಜಾಗಗಳನ್ನು ಒದಗಿಸುವುದು ಸರಪಳಿ. ಬಿಲ್ಲೆಯನ್ನು ಸುಮಾರು 950 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸಿದಾಗ ಸರಪಳಿಯ ಆಮ್ಲಜನಕ ಹಾರಿಹೋಗುತ್ತದೆ. ಆಮ್ಲಜನಕದ ಗಾಳಿಯಲ್ಲೇ ನಿಧಾನವಾಗಿ ಆರಿಸಿದರೆ ಮರಳಿ ಬಂದು ಸಾಲುಗಟ್ಟುತ್ತದೆ. ಹರಳಿನ ಒಂದು ಪಕ್ಕ 3.82, ಇನ್ನೊಂದು 3.89 ಆಂಗ್‌ಸ್ಟ್ರಾಂ ಆಗುತ್ತದೆ. ಆತುರಪಟ್ಟು ಬಿಸಿಯಲ್ಲೇ ಹೊರಗೆಳೆದರೆ ಎರಡು ಪಕ್ಕಗಳೂ ಸಮ, ನೋಡಲು ಅಚ್ಚುಕಟ್ಟು. ಆಮ್ಲಜನಕ ಏಳರಿಂದ ಆರಕ್ಕಿಳಿದರೆ ಅತಿವಾಹಕತೆ ಹೋಗಲಿ, ಸಾಮಾನ್ಯ ವಾಹಕತೆಯೂ ಇಲ್ಲ.

ಯಿಟ್ರಿಯಂ ಜಾಗಕ್ಕೆ ವಿರಳ ಭಸ್ಮ ಧಾತುಗಳನ್ನು ಕೂರಿಸಿದರೆ ಇನ್ನೊಂದು ಸೋಜಿಗ. ಕಾಂತೀಯತೆ ಸಾಮಾನ್ಯವಾಗಿ ಅತಿವಾಹಕತೆಗೆ ಶತ್ರು. ಆದರೂ ಬಲವಾದ ಕಾಂತಗುಣದ ಗ್ಯಾಡೊಲಿನಿಯಂ ಬಂದು ಕೂತರೂ 90 ಕೆಲ್ವಿನ್ ಕದಲದು. ಹಾಳೆಗಳ ನಡುವಿದ್ದರೂ ಅವುಗಳ ಎಲೆಕ್ಟ್ರಾನುಗಳ ತಂಟೆಗೆ ಅದು ಹೋಗುವುದಿಲ್ಲ. ಪ್ರೇಸಿಯೋಡೈಮಿಯಂ ಮಾತ್ರ ನೆರೆಯ ಆಮ್ಲಜನಕದೊಡನೆ ಬೆರೆತು ಆಟ ಕೆಡಿಸುತ್ತದೆ.

ಪರಮಾಣುವಿನ ಗಾತ್ರವೂ ಲೆಕ್ಕಕ್ಕೆ ಬರುತ್ತದೆ. ಲ್ಯಾಂಥನಂ ತಾಮ್ರದ ಆಕ್ಸೈಡಿನಲ್ಲಿ ಪ್ರತಿ ತಾಮ್ರದ ಸುತ್ತ ಆರು ಆಮ್ಲಜನಕಗಳು. ಲ್ಯಾಂಥನಂ ಬದಲು ತುಸು ಚಿಕ್ಕದಾದ ನಿಯೋಡೈಮಿಯಂ ಹಾಕಿ. ಮೇಲಿನ, ಕೆಳಗಿನ ಆಮ್ಲಜನಕಗಳು ಜಾಗ ಬದಲಿಸಿ, ನಾಲ್ಕೇ ಉಳಿಯುತ್ತವೆ. ಅತಿವಾಹಕವಾಗಲು ಮೊದಲನೆಯದರಿಂದ ಎಲೆಕ್ಟ್ರಾನುಗಳನ್ನು ಕಳೆಯಬೇಕು. ಎರಡನೆಯದಕ್ಕೆ ಸೀರಿಯಂ ಬೆರೆಸಿ ಎಲೆಕ್ಟ್ರಾನುಗಳನ್ನು ಕೂಡಿಸಬೇಕು. 1989ರಲ್ಲಿ ಜಪಾನಿನ ತೊಕುರಾ ತಂಡ ಹಾಗೆ ಮಾಡಿ, 24 ಕೆಲ್ವಿನ್ ಸುಮಾರಿನಲ್ಲಿ ಅತಿವಾಹಕತೆ ಪಡೆಯಿತು.